ಹಟ್ಟಿಗೆ ನರ್ಸಮ್ಮ ಬೇಕೆಂದು ಮೈಕ್ ಹಿಡಿದ ಹದಿನಾರು ದಿನ

ನಾನು ಶಾಲೆ ಬಿಟ್ಟದ್ದು ೧೯೯೭ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ. ಹಾಗಂತ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಓದಲು ಬರುತ್ತದೆ, ಬರೆಯಲು ಬರುತ್ತದೆ, ಮೈಕ್ ಕೈಗೆ ಕೊಟ್ಟರೆ ಕಾಗದ ನೋಡದೆ ಅರ್ಧ ಗಂಟೆ ಮಾತಾಡಲು ಬರುತ್ತದೆ. ಗೂಡ್ಸ್ ಆಟೋಗೆ ಎರಡು ಹಾರ್ನ್ ಕಟ್ಟಿಕೊಂಡು ಪ್ರಚಾರ ಮಾಡುವುದು ನನ್ನ ಕೆಲಸ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕುಗಳಲ್ಲಿ ನನ್ನ ಮುಖ ನೋಡದವರು ಬಹಳ ಜನ ಇದ್ದಾರೆ, ದನಿ ಕೇಳದವರು ಕಡಿಮೆ. ಸೀರೆ ಅಂಗಡಿಯ ರಿಯಾಯಿತಿ, ಬೀಜದ ಕಂಪನಿ, ಚುನಾವಣೆ, ಕಾಣೆಯಾದ ಎಮ್ಮೆ, ಯಾರದೋ ಸಾವು, ಎಲ್ಲವನ್ನೂ ಕೂಗಿದ್ದೇನೆ. ಹೋದ ವರ್ಷ ನನ್ನದೇ ಹಟ್ಟಿಗಾಗಿ ಹದಿನಾರು ದಿನ ಕೂಗಿದೆ. ಅಷ್ಟು ದಣಿದದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ.

ನಮ್ಮದು ದನ ಸಾಕುವ ಮ್ಯಾಸ ನಾಯಕರ ಹಟ್ಟಿ, ಬೇಲಿ ಸುತ್ತಿದ ಸಣ್ಣ ಊರು. ಕಾನಹೊಸಹಳ್ಳಿ ಕಡೆ ಹೆದ್ದಾರಿ ಬಿಟ್ಟು ಒಳಗೆ ಹನ್ನೊಂದು ಕಿಲೋಮೀಟರ್, ಅದರಲ್ಲಿ ಕೊನೆಯ ನಾಲ್ಕು ಬರೀ ಕಲ್ಲು. ನಾನೂ ನನ್ನ ಹೆಂಡತಿಯೂ ಕೂಡ್ಲಿಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಅಕ್ಕ ಹಟ್ಟಿಯಲ್ಲೇ ಇದ್ದಾಳೆ, ಅವಳ ಮಗಳನ್ನು ಅಲ್ಲಿಯೇ ಕೊಟ್ಟಿದೆ. ಮೂರು ವರ್ಷದ ಹಿಂದೆ ಅಕ್ಕನ ಮಗಳಿಗೆ ಚೊಚ್ಚಲ ಹೆರಿಗೆ ನೋವು ಬಂದಾಗ ಆಂಬುಲೆನ್ಸ್ ಆ ಕಲ್ಲಿನ ದಾರಿಗೆ ಇಳಿಯಲಾರದೆ ಹೆದ್ದಾರಿಯಲ್ಲೇ ನಿಂತಿತು. ನಾನು ಹಾರ್ನ್ ಬಿಚ್ಚಿ ಕೆಳಗಿಟ್ಟು, ಆಟೋದ ಹಿಂದುಗಡೆ ಎರಡು ಕೌದಿ ಹಾಸಿ, ಅವಳನ್ನು ಮಲಗಿಸಿಕೊಂಡು ಹೊರಟೆ. ಮಟಮಟ ಮಧ್ಯಾಹ್ನ. ಹಳ್ಳದ ಸೇತುವೆ ಹತ್ತಿರ ಅಕ್ಕ "ನಿಲ್ಸೋ" ಅಂದಳು. ಗಂಡುಮಗು. ಅಳಲಿಲ್ಲ. ಸಂಜೆ ನಾನೇ ಆಟೋ ತೊಳೆದೆ.

ಹೋದ ವರ್ಷ ಅಕ್ಕನ ಮಗಳು ಮತ್ತೆ ಬಸುರಿಯಾದಳು. ಆರನೇ ತಿಂಗಳಲ್ಲಿ ಪಟ್ಟಣದ ಆಸ್ಪತ್ರೆಗೆ ನಾನೇ ಕರೆದೊಯ್ದೆ. ರಕ್ತ ಏಳೂವರೆ ಇದೆ, ಹನ್ನೊಂದಾದರೂ ಇರಬೇಕಿತ್ತು ಎಂದು ಡಾಕ್ಟರಮ್ಮ ಹೇಳಿದರು. ಮಾತ್ರೆ ಬರೆದರು. ಹದಿನೈದು ದಿನಕ್ಕೊಮ್ಮೆ ನರ್ಸ್ ರಕ್ತ, ಬಿ.ಪಿ. ನೋಡಬೇಕು, ರಕ್ತ ಏರದಿದ್ದರೆ ಡ್ರಿಪ್ ಹಾಕಿಸಬೇಕು, ದಿನ ತುಂಬುವ ಮೊದಲೇ ತಂದು ಸೇರಿಸಬೇಕು ಎಂದರು.

"ನಿಮ್ಮ ಕಡೆ ಉಪಕೇಂದ್ರ ಇದೆಯಲ್ಲ, ಅಲ್ಲಿ ನರ್ಸ್ ಇಲ್ವಾ?"

"ಕಟ್ಟಡ ಐತ್ರಿ ಮೇಡಂ. ಬೀಗ ಐತಿ. ನರ್ಸಮ್ಮನ್ನ ಬ್ಯಾರೆ ಕಡೆ ಹಾಕ್ಯಾರ."

ಆ ಉಪಕೇಂದ್ರ ನಮ್ಮ ಹಟ್ಟಿಯಿಂದ ಒಂದು ಕಿಲೋಮೀಟರ್ ದೂರದಲ್ಲಿದೆ. ಅದರ ಬೀಗಕ್ಕೆ ತುಕ್ಕು ಹಿಡಿದಿತ್ತು. ಅಕ್ಕನ ಮಗಳನ್ನು ನಾನು ಹೇಗಾದರೂ ಪಟ್ಟಣಕ್ಕೆ ಕರೆತಂದೇನು. ಆದರೆ ಹಟ್ಟಿಯಲ್ಲಿ ಆಗ ಇನ್ನೂ ನಾಲ್ಕು ಜನ ಬಸುರಿಯರಿದ್ದರು. ನೋವು ಬಂದ ಮೇಲೆ ಮತ್ತೆ ಆ ಆಟೋದಲ್ಲಿ ಇವಳನ್ನು ಮಲಗಿಸಿ ಆ ಸೇತುವೆ ದಾಟಿಸಲು ನನಗೆ ಧೈರ್ಯವಿರಲಿಲ್ಲ. ಒಂಬತ್ತನೇ ತಿಂಗಳು ಬೀಳುವ ಮೊದಲು ಆ ಬೀಗ ತೆರೆಯಬೇಕು, ನರ್ಸ್ ಬರಬೇಕು. ನನಗೆ ಬೇಕಾಗಿದ್ದದ್ದು ಇದೊಂದೇ.

ಹಟ್ಟಿ ಶಾಲೆಯಲ್ಲಿ ಹಿಂದೆ ಪಾಠ ಮಾಡುತ್ತಿದ್ದ ಮೇಷ್ಟ್ರು ಈಗ ನಿವೃತ್ತರಾಗಿ ಕೂಡ್ಲಿಗಿಯಲ್ಲಿದ್ದಾರೆ. ಅವರು ಈ ವಿಷಯಕ್ಕೆ ಮೂರು ಸಲ ಅರ್ಜಿ ಬರೆದಿದ್ದರು. ಮೂರಕ್ಕೂ ಸ್ವೀಕೃತಿಯ ಸೀಲು ಬಿದ್ದಿತ್ತು, ಉತ್ತರ ಬಂದಿರಲಿಲ್ಲ. ನಾನು ಹೋಗಿ ಕೂತಾಗ ಅವರು ಕನ್ನಡಕ ಒರೆಸುತ್ತಾ ಅಂದರು:

"ಸೀರಿ ಅಂಗಡಿಗೆ ಮೈಕ್ ಹಿಡಿತಿ, ಎಮ್ಮಿ ಕಳದ್ರ ಮೈಕ್ ಹಿಡಿತಿ. ನಿನ್ನ ಹಟ್ಟಿಗೆ ಯಾವಾಗ ಹಿಡಿತೀಯಪ್ಪ?"

ನನಗೆ ಚುರ್ ಅಂದಿತು. ಮೇಷ್ಟ್ರ ಲೆಕ್ಕ ಹೀಗಿತ್ತು: ಜಿಲ್ಲೆಯ ದೊಡ್ಡ ಅಧಿಕಾರಿಗಳು ಹದಿನಾರನೇ ದಿನಕ್ಕೆ ಕೂಡ್ಲಿಗಿಗೆ ಬಂದು ಜನರ ಅಹವಾಲು ಕೇಳುತ್ತಾರೆ. ಅದು ತಪ್ಪಿದರೆ ಮುಂದಿನ ಸಭೆ ಯಾವಾಗಲೋ. ಹಟ್ಟಿಯವರಷ್ಟೇ ಹೋದರೆ, ಹಟ್ಟಿಯವರ ಗೋಳು ಎಂದು ಕಾಗದ ಕೆಳಗಿಡುತ್ತಾರೆ. ಐದು ತಾಲೂಕಿನ ಬೇರೆ ಬೇರೆ ಜನ, ಹೊಲದವರು, ಅಂಗಡಿಯವರು, ಕುರಿಯವರು, "ಇವರಿಗೂ ನಮಗೆ ಸಿಗುವಷ್ಟು ಆರೋಗ್ಯ ಸಿಗಲಿ" ಎಂದು ಸಹಿ ಹಾಕಿದರೆ ಓದುತ್ತಾರೆ. ಆದರೆ ಸಹಿಯ ಜೊತೆಗೆ ಹಟ್ಟಿಯ ಯಜಮಾನ, ಹೆಣ್ಣುಮಕ್ಕಳು ಎದುರಿಗೆ ನಿಲ್ಲಲೇಬೇಕು. ಇಲ್ಲದಿದ್ದರೆ ಅದು ಪಟ್ಟಣದವರು ಬರೆದ ಕಾಗದವಾಗುತ್ತದೆ.

ಮರುದಿನವೇ ಶುರು ಮಾಡಿದೆ. ಪ್ರತಿ ಪಟ್ಟಣದ ಠಾಣೆಯಲ್ಲಿ ಅನುಮತಿ ಪತ್ರ. ಶಾಲೆ, ಆಸ್ಪತ್ರೆ, ಕೋರ್ಟಿನ ಮುಂದೆ ದನಿ ಬಂದ್. ಸಹಿಯ ಹಾಳೆಗೆ ನಾಲ್ಕು ಕಾಲಂ: ಹೆಸರು, ಊರು, ಫೋನು, ಸಹಿ. ಹೆಬ್ಬೆಟ್ಟಿನವರಿಗೆ ಇಂಕ್ ಪ್ಯಾಡ್, ಒರೆಸಲು ಹಳೇ ಬನಿಯನ್ ಚೂರು. ಒಂದು ಹಾರ್ನ್ ಮುಂದಕ್ಕೆ, ಒಂದು ಹಿಂದಕ್ಕೆ. ಮುಂದಿನದನ್ನು ಸ್ವಲ್ಪ ಎತ್ತಿ ಕಟ್ಟಬೇಕು, ಇಲ್ಲದಿದ್ದರೆ ದನಿ ಮೈಕಿಗೇ ತಿರುಗಿ ಬಂದು ಶಿಳ್ಳೆ ಹೊಡೆಯುತ್ತದೆ. ಗಾಡಿ ಎರಡನೇ ಗೇರಿನಲ್ಲೇ ಹೋಗಬೇಕು. ಬೇಗ ಹೋದರೆ ಒಂದು ಬಾಗಿಲಲ್ಲಿ ನಿಂತವನಿಗೆ ಅರ್ಧ ಮಾತು ಕೇಳಿ, ಉಳಿದರ್ಧ ಮುಂದಿನ ಓಣಿಯವನಿಗೆ ಕೇಳುತ್ತದೆ. ಸ್ಟುಡಿಯೋದಲ್ಲಿ ಹಿನ್ನೆಲೆ ಸಂಗೀತ ಹಾಕಿಸಿ, ಎಕೋ ಕೊಡಿಸಿ, ಪೆನ್‌ಡ್ರೈವಿಗೆ ತುಂಬಿಸಿದೆ. "ಆತ್ಮೀಯ ನಾಗರಿಕ ಬಂಧುಗಳೇ" ಎಂದು ಶುರುವಾಗಿ "ತಪ್ಪದೇ ಬನ್ನಿ" ಎಂದು ಮುಗಿಯುತ್ತಿತ್ತು. ಚೆನ್ನಾಗಿಯೇ ಬಂದಿತ್ತು. ಇಷ್ಟು ವರ್ಷದ ಕೈಚಳಕ.

ಆ ಕೈಚಳಕವೇ ಮೊದಲು ಕೈಕೊಟ್ಟಿತು.

ಹಡಗಲಿಯಲ್ಲಿ ಬಸ್ ನಿಲ್ದಾಣದ ಹತ್ತಿರ ಆಟೋ ನಿಲ್ಲಿಸಿ ಹಾಳೆ ಬಿಚ್ಚುವಷ್ಟರಲ್ಲಿ ಹತ್ತು-ಹದಿನೈದು ಜನ ಸಾಲು ನಿಂತರು. ನನಗೆ ಖುಷಿಯೋ ಖುಷಿ. ಮೊದಲ ಅಜ್ಜ ಬಂದವನೇ ಅಂಗಿ ತೋಳು ಮಡಚಿ ಕೈ ಚಾಚಿದ.

"ಬಿ.ಪಿ. ನೋಡ್ರಿ ಮೊದ್ಲು. ಸಕ್ಕರಿದು ಆಮ್ಯಾಲ."

"ಅಜ್ಜಾ, ಇದು ಕ್ಯಾಂಪ್ ಅಲ್ರಿ. ಸಹಿ ಹಾಕಾಕ ಕರೆದೀನಿ."

"ಆರೋಗ್ಯ ಆರೋಗ್ಯ ಅಂತ ಅರ್ಧ ತಾಸು ಹೊಯ್ಕಂಡಿ! ಕನ್ನಡಕ ಆದ್ರೂ ಕೊಡ್ತೀಯೋ ಇಲ್ಲೋ?"

ಸಾಲು ನಗುತ್ತಾ ಕರಗಿತು. ಹೂವು ಕಟ್ಟುತ್ತಿದ್ದ ಒಬ್ಬ ಹೆಣ್ಣುಮಗಳು ಮಾತ್ರ ಹಾಳೆ ತರಿಸಿಕೊಂಡು, ಹೂವಿನ ನೀರು ಸೀರೆಗೆ ಒರೆಸಿಕೊಂಡು ಸಹಿ ಹಾಕಿದಳು. "ನಮ್ಮಣ್ಣನ ಹೇಣ್ತಿನೂ ಹಂಗೇ ಹೋದ್ಲು" ಎಂದಳು. ಅವತ್ತು ಅವಳದು ಸೇರಿ ಮೂರೇ ಸಹಿ.

ಕೊಟ್ಟೂರಿನಲ್ಲಿ ಕಾಳು ಕಡಿಯ ಅಂಗಡಿಯ ಯಜಮಾನರು ಒಳ್ಳೆಯ ಮಾತಿನಿಂದಲೇ ಕೂರಿಸಿ ಚಹಾ ತರಿಸಿದರು. ಆಮೇಲೆ ಹೇಳಿದರು, "ನಿಮಗ ಸರಕಾರ ಎಲ್ಲಾ ಕೊಟ್ಟೈತಪ. ಮೀಸಲಾತಿ ಐತಿ, ಮನಿ ಐತಿ, ಅಕ್ಕಿ ಐತಿ. ಇನ್ನ ನರ್ಸ್ ಒಬ್ಬಾಕಿ ಕಮ್ಮಿ ಆಗ್ಯಾಳೇನು?" ನಾನು ಚಹಾ ಅರ್ಧಕ್ಕಿಟ್ಟು ಎದ್ದೆ. ಏಳಬಾರದಿತ್ತು. ಕೂತು ಹೇಳಿದ್ದರೆ ಆ ಮನುಷ್ಯ ಕೇಳುತ್ತಿದ್ದನೇನೋ. ನನ್ನ ಸಿಟ್ಟಿಗೆ ಒಂದು ಅಂಗಡಿ ಹೋಯಿತು, ಅವರನ್ನು ನೋಡಿ ಅಕ್ಕಪಕ್ಕದ ನಾಲ್ಕು ಅಂಗಡಿಗಳೂ ಹೋದವು.

ಹಗರಿಬೊಮ್ಮನಹಳ್ಳಿಯ ಮೇಲೆ ನನಗೆ ಭರವಸೆಯಿತ್ತು. ಅಲ್ಲಿ ಶಾಮಿಯಾನ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿದ್ದಾನೆ. ಇಪ್ಪತ್ತು ವರ್ಷದ ಸ್ನೇಹ. ಅವನು ಪೆಂಡಾಲ್ ಹಾಕಿದ ಕಡೆ ನನ್ನ ಮೈಕು, ನನ್ನ ಮೈಕು ಹೋದ ಕಡೆ ಅವನ ಪೆಂಡಾಲು. ಕುರಿ ಸಾಕುವ ಮನೆತನದವನು, ಮಾತು ದೊಡ್ಡದು, ಕೈ ಇನ್ನೂ ದೊಡ್ಡದು. ಒಂಬತ್ತನೇ ದಿನ ಹಟ್ಟಿಯ ಜನರನ್ನು ಅಲ್ಲಿಗೆ ಕರೆಸಿ, ಪಟ್ಟಣದಲ್ಲಿ ಒಂದು ಸುತ್ತು ಕಾಲ್ನಡಿಗೆ ಮಾಡಿಸಿ, ಅವರ ಬಾಯಿಂದಲೇ ನಾಲ್ಕು ಮಾತು ಆಡಿಸುವುದು ಎಂದಾಯಿತು. ಶಾಮಿಯಾನ, ಕುರ್ಚಿ, ಊಟ ಎಲ್ಲಾ ಅವನದೇ. ಹಂಪಸಾಗರದ ಕಡೆಯಿಂದ ತನ್ನ ಬಂಧುಗಳನ್ನೂ ಕರೆಸುತ್ತೇನೆ ಎಂದ.

ಹಿಂದಿನ ದಿನ ನಾನು ಓಣಿಯಲ್ಲಿ ಕೂಗುತ್ತಾ ಹೋಗುತ್ತಿದ್ದಾಗ ಅವನ ಫೋನು ಬಂತು. ಆಂಪ್ಲಿಫೈಯರ್ ಬಿಸಿಯಾಗಿ ಗೊರಗೊರ ಎನ್ನುತ್ತಿತ್ತು, ಒಂದು ಕಿವಿ ಅದರ ಕಡೆಗೆ.

"ಲೇ ಮೈಕೂ, ನಿಮ್ಮ ಮಂದಿಗೆ ಊಟಕ್ಕ ಏನ್ ಮಾಡಿಸ್ಲಿ?"

"ಏನಾದ್ರೂ ಮಾಡ್ಸಲೇ. ನಡೀತೈತಿ."

ಈ 'ನಡೀತೈತಿ' ಎಂಬ ಮಾತೇ ನನ್ನ ತಪ್ಪು.

ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ನಮ್ಮ ಹಟ್ಟಿಯ ಬೇಲಿಯೊಳಗೆ ಕೋಳಿ ಬರುವಂತಿಲ್ಲ. ಕುರಿ ತಿನ್ನುತ್ತೇವೆ, ಮೇಕೆ ತಿನ್ನುತ್ತೇವೆ. ಕೋಳಿ, ಕೋಳಿಯ ಮೊಟ್ಟೆ, ಅದು ಬೆಂದ ಪಾತ್ರೆ ಕೂಡ ಮುಟ್ಟುವುದಿಲ್ಲ. ನಮ್ಮ ದೇವರ ಎತ್ತುಗಳಿಗೆ ನಡೆದುಕೊಳ್ಳುವ ಮನೆಗಳಲ್ಲಿ ಇದು ಹುಟ್ಟಿನಿಂದ ಬಂದದ್ದು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನನಗೆ ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲವೆಂದರೆ, ನಾನು ಹನ್ನೆರಡು ವರ್ಷದಿಂದ ಢಾಬಾಗಳಲ್ಲಿ ಕೋಳಿ ತಿನ್ನುತ್ತಿದ್ದೆ. ಚುನಾವಣೆಯ ಪ್ರಚಾರದಲ್ಲಿ ಬಿರಿಯಾನಿ ಪೊಟ್ಟಣ ಕೈಗಿಡುತ್ತಾರೆ, ಎಲ್ಲರೂ ತಿನ್ನುವಾಗ ನಾನೊಬ್ಬ ಬೇಡವೆಂದರೆ ಕಾರಣ ಕೇಳುತ್ತಾರೆ. ಮೊದಲು ಅದಕ್ಕೆ ತಿಂದೆ, ಆಮೇಲೆ ರುಚಿಗೆ ತಿಂದೆ. ಹಟ್ಟಿಗೆ ಹೋಗುವ ದಿನ ತಲೆಗೆ ಸ್ನಾನ ಮಾಡಿ ಹೋಗುತ್ತಿದ್ದೆ. ಇದು ನನ್ನ ಹೆಂಡತಿಗೂ ಗೊತ್ತಿರಲಿಲ್ಲ.

ಒಂಬತ್ತನೇ ದಿನ ಹಟ್ಟಿಯಿಂದ ಮೂವತ್ತು ಜನ ಬಂದರು. ಯಜಮಾನಪ್ಪ ಪೇಟ ಸುತ್ತಿಕೊಂಡು ಬಂದಿದ್ದ. ದೇವರ ಎತ್ತು ಕಾಯುವ ಕಿಲಾರಿ ಕಂಬಳಿ ಹೊದ್ದು ಬಂದಿದ್ದ. ಅಕ್ಕ ಬಂದಿದ್ದಳು. ಬಿಸಿಲಿಗೆ ಬೇಡವೆಂದು ಮಗಳನ್ನು ಮನೆಯಲ್ಲಿ ಬಿಟ್ಟಿದ್ದಳು. ಸುತ್ತು ಚೆನ್ನಾಗಿ ಆಯಿತು. ಜನ ಅಂಗಡಿಯಿಂದ ಇಳಿದು ಬಂದು ಕೇಳಿದರು, ನಾಲ್ಕು ಹಾಳೆ ತುಂಬಿತು. ನನ್ನ ಎದೆ ಉಬ್ಬಿತ್ತು. ಮಧ್ಯಾಹ್ನ ಶಾಮಿಯಾನದ ಕೆಳಗೆ ಎಲೆ ಹಾಕಿದರು. ಗೆಳೆಯನೇ ಸೌಟು ಹಿಡಿದು ಹೊರಟ. ಹಬೆ ಬಂದ ಕೂಡಲೇ ನನಗೆ ಗೊತ್ತಾಯಿತು.

ಯಜಮಾನಪ್ಪ ಎಲೆ ನೋಡಿದ. ಬಾಗಿ ಮೂಸಿದ. ಎದ್ದು ನಿಂತ. ಅವನ ಹಿಂದೆ ಮೂವತ್ತು ಜನವೂ ಎದ್ದರು. ನೀರಿನ ಲೋಟಗಳನ್ನೂ ಹಾಗೆಯೇ ಬಿಟ್ಟು, ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಕಡೆ ನಡೆದರು. ಅಕ್ಕ ನನ್ನ ಮುಂದೆ ಬಂದು ಒಂದು ಕ್ಷಣ ನಿಂತು ಅವರ ಹಿಂದೆ ಹೋದಳು.

ಗೆಳೆಯ ಸೌಟು ಹಿಡಿದೇ ನಿಂತಿದ್ದ. ಅವನ ಬಂಧುಗಳು ಗುಸುಗುಸು ಎಂದರು. "ನಮ್ಮ ಮನಿ ಊಟ ಅವರಿಗ ಆಗಂಗಿಲ್ಲಂತ. ಕೇಳಾಕ ಬಂದಾರ ಸಮಾನತೆ!" ಸಂಜೆಯೊಳಗೆ ಈ ಮಾತು ಪೇಟೆಯಲ್ಲಿ ಸುತ್ತಿ ಬಂತು. ಬೆಳಿಗ್ಗೆ ಸಹಿ ಹಾಕಿದ್ದ ಇಬ್ಬರು ಬಂದು ತಮ್ಮ ಹೆಸರು ಹೊಡೆದುಹಾಕಿ ಹೋದರು. ನಾನು ಗೆಳೆಯನಿಗೆ, "ಅವರಿಗೆ ಬಸ್ ಹೊತ್ತಾಗಿತ್ತು" ಎಂದೆ. ಹಸಿ ಸುಳ್ಳು. ಅವನು ಕಂಬ ಕೀಳತೊಡಗಿದ.

ಮರುದಿನ ಹಟ್ಟಿಯಿಂದ ಮೇಷ್ಟ್ರಿಗೆ ಹೇಳಿ ಕಳಿಸಿದರು: ನಮ್ಮ ಹೆಬ್ಬೆಟ್ಟು ವಾಪಸ್ ಕೊಡಿ, ಸಭೆಗೆ ನಾವು ಬರುವುದಿಲ್ಲ, ಬೇಕೆಂದೇ ಕರೆಸಿ ಕೋಳಿ ಬಡಿಸಿ ನಮಗೆ ಅವಮಾನ ಮಾಡಿದ್ದಾರೆ. ಅವರ ಲೆಕ್ಕದಲ್ಲಿ ತಪ್ಪು ಶಾಮಿಯಾನದವನದು. ಪೇಟೆಯವರ ಲೆಕ್ಕದಲ್ಲಿ ತಪ್ಪು ಹಟ್ಟಿಯವರದು. ನಡುವೆ ನಾನು ನಿಂತಿದ್ದೆ, ನನ್ನ ಹೆಸರನ್ನು ಯಾರೂ ಎತ್ತಿರಲಿಲ್ಲ.

ಎರಡು ದಿನ ಕೆಲಸ ಮಾಡಿದೆನೆಂದು ಹೇಳಲಾರೆ. ಆಟೋ ಓಡಿಸಿದೆ, ಪೆನ್‌ಡ್ರೈವ್ ಹಾಡಿತು, ಹಾಳೆ ಖಾಲಿ ಬಂತು. ಹಾರ್ನ್ ಬಿಗಿದ ಬೋಲ್ಟು ಸಡಿಲವಾಗಿ ಒಂದು ಪಕ್ಕಕ್ಕೆ ವಾಲಿತ್ತು, ಬಿಗಿಯಲೂ ಬೇಸರ. ಸುಮ್ಮನಿದ್ದುಬಿಡಬಹುದಿತ್ತು. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಉಪಕೇಂದ್ರದ ಬೀಗವೂ ಉಳಿಯುತ್ತಿತ್ತು. ಅಕ್ಕನ ಮಗಳಿಗೆ ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಹನ್ನೆರಡನೇ ದಿನ ಬೆಳಿಗ್ಗೆ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದವನು, ಲೋಟ ಕೆಳಗಿಟ್ಟು ಹಟ್ಟಿಯ ದಾರಿ ಹಿಡಿದೆ.

ಹಟ್ಟಿಯ ಬೇಲಿಯ ಬಾಯಲ್ಲೇ ಆಟೋ ನಿಲ್ಲಿಸಿ, ಒಳಗೆ ಹೋಗದೆ, ಯಜಮಾನಪ್ಪನನ್ನು ಕರೆಸಿದೆ. ಜನ ಸೇರಿದರು. ಕಿಲಾರಿ ಬೇಲಿಗೆ ಕೋಲು ಊರಿ ನಿಂತ. ನಾನು ನೆಲ ನೋಡುತ್ತಾ ಹೇಳಿದೆ. "ಶಾಮಿಯಾನದವನದು ತಪ್ಪಿಲ್ಲ ದೊಡ್ಡಪ್ಪ. ಏನ್ ಮಾಡಿಸ್ಲಿ ಅಂತ ಅವ ನನ್ನ ಕೇಳಿದ್ದ. ನಾನೇ ಏನಾದ್ರೂ ನಡೀತೈತಿ ಅಂದೆ. ನಾನು ತಿಂತೀನಿ. ಹನ್ನೆರಡು ವರ್ಷ ಆತು."

ಕಿಲಾರಿ ಗಂಟಲು ಸರಿ ಮಾಡಿಕೊಂಡ.

"ಹೆಂಗಿರತೈತಲೇ ಅದು?"

"ನೀ ಬಾಯಿ ಮುಚ್ಚು" ಎಂದು ಯಜಮಾನಪ್ಪ ಅವನನ್ನು ಗದರಿಸಿದ. ಹಿಂದೆ ನಿಂತಿದ್ದ ಹೆಣ್ಣುಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕು ಸೆರಗು ಬಾಯಿಗಿಟ್ಟುಕೊಂಡರು.

ಅಕ್ಕ ನಗಲಿಲ್ಲ. "ಅದೇ ಬಾಯಿಲೆ ನನ್ನ ಮನ್ಯಾಗ ಉಂಡಿ. ಅದೇ ಕೈಲೆ ದೇವರ ಎತ್ತಿಗೆ ಹುಲ್ಲು ಹಾಕಿದಿ. ಎಷ್ಟು ಸಲ ಹಾಕಿದಿ ಹೇಳೋ?" ಎಂದಳು.

ಅವಳ ಪಕ್ಕದಲ್ಲಿ ಮಗಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಮುಖ ಬಿಳುಚಿಕೊಂಡಿತ್ತು. ಅವಳು ಹೆಚ್ಚು ಮಾತಿನವಳಲ್ಲ. ಅವತ್ತು ಮಾತಾಡಿದಳು.

"ಮಾವ ಒಂದಿನ ಮಾಡಿದ್ದಕ್ಕ ಎಲ್ಲಾರೂ ಎದ್ದು ಬಂದ್ರಿ. ಅಂಗನವಾಡ್ಯಾಗ ದಿನಾ ಮಾಡ್ತಾರ. ನನ್ನ ಹೆಸರಿನ ಮುಂದ ದಿನಾ ಮೊಟ್ಟಿ ಅಂತ ಬರಿತಾರ. ನಾ ಒಂದ್ಸಲ ಕೇಳಿದ್ನಿ, ಬದಲಿ ಕಾಳಾದ್ರೂ ಕೊಡ್ರಿ ಅಂತ. ನಿಮ್ಮ ಹಟ್ಟಿಯೋರು ಯಾರೂ ಬರಕೊಟ್ಟಿಲ್ಲವ್ವ ಅಂದ್ರು. ಅದಕ್ಯಾಕ ಯಾರೂ ಎದ್ದು ಹೋಗ್ಲಿಲ್ಲ?"

ಅಂಗನವಾಡಿ ಇರುವುದು ದೊಡ್ಡ ಊರಿನಲ್ಲಿ, ಮೂರು ಕಿಲೋಮೀಟರ್ ಆಚೆ. ಟೀಚರಮ್ಮ ಕೆಟ್ಟವಳೇನಲ್ಲ. ಮೇಲಿನಿಂದ ಮೊಟ್ಟೆ ಬರುತ್ತದೆ, ನಮ್ಮವರು ಹೋಗುವುದಿಲ್ಲ, ಅವಳು ಬೇರೆ ಯಾರಿಗೋ ಕೊಟ್ಟು ಪುಸ್ತಕ ತುಂಬುತ್ತಾಳೆ. ಪುಸ್ತಕದ ಪ್ರಕಾರ ನಮ್ಮ ಬಸುರಿಯರು ದಿನಕ್ಕೊಂದು ಮೊಟ್ಟೆ ತಿಂದು ಗಟ್ಟಿಯಾಗಿದ್ದರು. ನನಗೆ ಆಗ ಹೊಳೆದದ್ದು ಇಷ್ಟು: ಅವರೂ ನನ್ನ ಹಾಗೆಯೇ, ಏನು ತಿನ್ನುತ್ತೀರಿ ಎಂದು ಕೇಳದೆ 'ನಡೀತೈತಿ' ಎಂದವರು. ನನ್ನದು ಒಂದು ಊಟ, ಅವರದು ಎಷ್ಟೋ ವರ್ಷ.

ಯಜಮಾನಪ್ಪ ತೀರ್ಪು ಹೇಳಿದ. ದೇವರನ್ನು ಹೊಳೆಗೆ ಒಯ್ಯುವ ದಿನ ನನಗೆ ಶುದ್ಧಿ. ಅಲ್ಲಿಯವರೆಗೆ ನಾನು ಬೇಲಿ ದಾಟುವಂತಿಲ್ಲ, ಹಟ್ಟಿಯ ಕೂಸುಕುನ್ನಿಗಳನ್ನು ಮುಟ್ಟುವಂತಿಲ್ಲ, ಊಟ ಕೊಟ್ಟರೆ ಹೊರಗೆ ಎಲೆಯಲ್ಲಿ. ಅದು ಒಂದು ವರ್ಷಕ್ಕೆ ಹತ್ತಿರದ ಮಾತು.

"ಆತು" ಎಂದೆ.

"ಸಭಾಕ್ಕ ಬರ್ತೀವಿ. ನಿನ್ನ ಸಲುವಾಗಿ ಅಲ್ಲ, ಈ ಹುಡುಗಿ ಮಾತಿನ ಸಲುವಾಗಿ" ಎಂದ.

ಅಲ್ಲಿಂದ ನೇರ ಹಗರಿಬೊಮ್ಮನಹಳ್ಳಿ. ಗೆಳೆಯ ಅಂಗಡಿಯಲ್ಲಿ ಪರದೆ ಮಡಚುತ್ತಿದ್ದ. ಎಲ್ಲವನ್ನೂ ಹೇಳಿದೆ, ಬಸ್ಸಿನ ಸುಳ್ಳನ್ನೂ. ಅವನು ಮಡಚಿದ್ದ ಪರದೆಯನ್ನು ನನ್ನ ಮೇಲೆ ಎಸೆದ.

"ಕುರಿ ಸಾಕೋ ಮಂದಿ ನಾವು! ಒಂದು ಮಾತು ಒದರಿದ್ರ ಮನ್ಯಾಗಿನ ಟಗರು ಕಡಿತಿದ್ನೆಲ್ಲೋ! ಅಂಗಡ್ಯಾಗಿಂದ ಕೋಳಿ ತರಾಕ ನನಗೇನ್ ದರ್ದಿತ್ತಲೇ? ನಾಲ್ಕು ದಿನದಿಂದ ನಮ್ಮವ್ವ, ನಮ್ಮ ಮನ್ಯಾಗ ಏನ್ ಹೊಲಸು ಐತೋ ಅಂತ ಕೇಳಾಕತ್ತಾಳ."

"ತಪ್ಪಾತಲೇ."

"ನನಗ್ ಹೇಳಬ್ಯಾಡ. ಮಂದಿಗೆ ಹೇಳು. ಮೈಕ್ ಐತೆಲ್ಲ ನಿನ್ನ ಕಡೆ."

ಹೇಳಿದೆ. ಪೆನ್‌ಡ್ರೈವ್ ಕಿತ್ತೆ. ಎಕೋ ಗುಂಡಿಯನ್ನು ಸೊನ್ನೆಗೆ ತಿರುಗಿಸಿದೆ. ನಮ್ಮ ಕಸುಬಿನಲ್ಲಿ ಸಾವಿನ ಸುದ್ದಿಗೆ ಮಾತ್ರ ಎಕೋ ಹಾಕುವುದಿಲ್ಲ. ದನಿ ಬೆತ್ತಲೆಯಾಗಿ ಹೋಗುತ್ತದೆ, ಜನ ಕೈಯ ಕೆಲಸ ಬಿಟ್ಟು ಕೇಳುತ್ತಾರೆ. ಅದೇ ಪೇಟೆಯಲ್ಲಿ, ಅದೇ ಎರಡನೇ ಗೇರಿನಲ್ಲಿ ಹೇಳುತ್ತಾ ಹೋದೆ. ಮೊನ್ನೆ ಎದ್ದು ಹೋದವರು ನಿಮ್ಮ ಮನೆಯನ್ನು ಬೇಡವೆಂದವರಲ್ಲ. ತಪ್ಪು ನನ್ನದು. ನಮ್ಮ ಹಟ್ಟಿಯಲ್ಲಿ ಕೋಳಿ ಮುಟ್ಟುವುದಿಲ್ಲ, ಅದನ್ನು ನಾನು ಹೇಳಲಿಲ್ಲ. ಹಾಗೆಯೇ ನಮ್ಮ ಬಸುರಿಯರ ಹೆಸರಿನಲ್ಲಿ ಮೊಟ್ಟೆ ಬರೆಯುತ್ತಾರೆ, ರಕ್ತ ಏಳೂವರೆ ಇದೆ. ಉಪಕೇಂದ್ರಕ್ಕೆ ಬೀಗ ಇದೆ. ನನ್ನ ಅಕ್ಕನ ಮಗಳ ಮೊದಲ ಕೂಸು ಇದೇ ಆಟೋದಲ್ಲಿ ಹುಟ್ಟಿ ಇದೇ ಆಟೋದಲ್ಲಿ ಸತ್ತಿತು. ಸಹಿ ಹಾಕುವವರು ಹಾಕಿ.

ಇಷ್ಟೇ. "ತಪ್ಪದೇ ಬನ್ನಿ" ಎನ್ನಲಿಲ್ಲ. ಮೂರನೇ ಓಣಿಗೆ ಗೆಳೆಯ ಬಂದು ಪಕ್ಕದ ಸೀಟಿನಲ್ಲಿ ಕೂತು ಹಾಳೆ ಹಿಡಿದ. ಹೆಸರು ಹೊಡೆದುಹಾಕಿದ್ದ ಇಬ್ಬರಲ್ಲಿ ಒಬ್ಬ ಬಂದು ಮತ್ತೆ ಬರೆದ. ಇನ್ನೊಬ್ಬ ಬರಲಿಲ್ಲ.

ಉಳಿದ ಮೂರು ದಿನ ಹೀಗೆಯೇ. ಹರಪನಹಳ್ಳಿ ತಾಲೂಕಿನ ಅರಸೀಕೆರೆಯಲ್ಲಿ ಸಂತೆಯ ದಿನ ಸಿಕ್ಕಿತು. ಅಲ್ಲಿ ತರಕಾರಿ ಮಾರುವ ಒಬ್ಬ ಹೆಂಗಸು, "ಏನಪ್ಪಾ, ಅದೇ ಆಟೋದಾಗೆ ಹುಟ್ಟಿತ್ತು ಅಂದ್ಯಲ್ಲ, ಇದೇ ಏನು?" ಎಂದು ಕೇಳಿ, ಗಾಡಿಯ ಹಿಂದುಗಡೆ ಹೋಗಿ ನೋಡಿ ನಿಂತಳು. ಆಮೇಲೆ ತನ್ನ ಸಾಲಿನವರನ್ನೆಲ್ಲ ತಾನೇ ಕರೆತಂದು ಹೆಬ್ಬೆಟ್ಟು ಒತ್ತಿಸಿದಳು. ಇಂಕ್ ಪ್ಯಾಡ್ ಒಣಗಿತು. ನೀರು ಹಾಕಿ ನಡೆಸಿದೆವು. ನನ್ನ ದನಿ ಹದಿನೈದನೇ ದಿನಕ್ಕೆ ಪೂರ್ತಿ ಹೋಗಿ, ಕೊನೆಯ ಓಣಿಗಳಲ್ಲಿ ಮೇಷ್ಟ್ರೇ ಮೈಕ್ ಹಿಡಿದರು. ಅವರಿಗೆ ಮೈಕ್ ಹಿಡಿಯಲು ಬಾರದು, ಬಾಯಿಗೆ ತಾಗಿಸಿ ಹಿಡಿಯುತ್ತಾರೆ. ನಾನು ಗಾಡಿ ಓಡಿಸುತ್ತಾ ಸುಮ್ಮನೆ ಕೇಳಿಸಿಕೊಂಡೆ.

ಹದಿನಾರನೇ ದಿನ ಕೂಡ್ಲಿಗಿಯ ಸಭೆಗೆ ಹಟ್ಟಿಯವರು ಬಂದರು. ಗೆಳೆಯ ತನ್ನವ್ವನನ್ನೂ ಕರೆದುಕೊಂಡು ಬಂದಿದ್ದ. ಹಡಗಲಿಯ ಆ ಹೂವಿನವಳು ಬರಲಿಲ್ಲ, ಅವಳ ಸಹಿ ಬಂತು. ನಮ್ಮ ಸರದಿ ಮಧ್ಯಾಹ್ನಕ್ಕೆ ಬಂತು. ಮೇಷ್ಟ್ರು ಐದು ಕಟ್ಟು ಹಾಳೆ ಮೇಜಿನ ಮೇಲಿಟ್ಟರು. ಅಧಿಕಾರಿಗಳು ಹಾಳೆ ಮಗುಚಿ, ಪಕ್ಕದವರಿಂದ ಏನೋ ಕಾಗದ ತರಿಸಿ ನೋಡಿದರು.

"ನರ್ಸ್ ವಿಷಯ ನೋಡೋಣ. ಆದರೆ ಪೌಷ್ಟಿಕ ಆಹಾರ ಸರಿಯಾಗಿ ಹೋಗ್ತಿದೆಯಲ್ಲ? ಎಲ್ಲ ಗರ್ಭಿಣಿಯರಿಗೂ ಮೊಟ್ಟೆ ವಿತರಣೆ ಅಂತ ಇದೆ."

ಯಜಮಾನಪ್ಪ ಪೇಟ ಸರಿಮಾಡಿಕೊಂಡು ಮುಂದೆ ಬಂದ.

"ಸಾಹೇಬ್ರ, ನಮ್ಮ ಹಟ್ಟ್ಯಾಗ ಕೋಳಿನ ಕಾಲಿಡಂಗಿಲ್ರಿ. ಮೊಟ್ಟಿ ಯಾರ್ ತಿಂದ್ರು?"

ಸಭೆಯಲ್ಲಿ ಮೊದಲು ನಗು ಎದ್ದಿತು. ಆಮೇಲೆ ಅಕ್ಕನ ಮಗಳು ಮುಂದೆ ಬಂದು ನಿಂತಳು. ಅವಳ ಕಣ್ಣಿನ ಕೆಳರೆಪ್ಪೆಯನ್ನು ಅಕ್ಕ ತಾನೇ ಬೆರಳಿನಿಂದ ಎಳೆದು ತೋರಿಸಿದಳು, ಡಾಕ್ಟರಮ್ಮ ನೋಡಿದ ಹಾಗೆ. ಒಳಗೆ ಕೆಂಪಿರಲಿಲ್ಲ. ನಗು ನಿಂತಿತು. ಅಧಿಕಾರಿಗಳು ಕುರ್ಚಿಯಿಂದ ಎದ್ದು ಬಂದು ನೋಡಿದರು. "ಬದಲಿ ಕಾಳು, ಹಾಲು ಹಟ್ಟಿಗೇ ತಲುಪಬೇಕು" ಎಂದು ಅಲ್ಲೇ ಬರೆಸಿದರು. ನರ್ಸ್ ವಾರಪೂರ್ತಿ ಸಾಧ್ಯವಿಲ್ಲ, ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ ಎಂದರು. ಮೇಷ್ಟ್ರು ಆರು ದಿನಕ್ಕೆ ವಾದ ಮಾಡಿದರು. ಎರಡಕ್ಕೇ ನಿಂತಿತು. ನನಗೆ ಮಾತಾಡಲು ದನಿಯೇ ಇರಲಿಲ್ಲ, ಕೈ ಮುಗಿದು ಹೊರಗೆ ಬಂದು ಆಟೋದ ನೆರಳಿನಲ್ಲಿ ಕೂತೆ.

ನರ್ಸಮ್ಮ ಬಂದದ್ದು ಹನ್ನೊಂದು ದಿನದ ಮೇಲೆ. ತುಕ್ಕಿನ ಬೀಗಕ್ಕೆ ಕೀಲಿ ಹೊರಳಲಿಲ್ಲ, ಕಿಲಾರಿ ಕಲ್ಲಿನಿಂದ ಒಡೆದ. ಎರಡನೇ ಶುಕ್ರವಾರ ಅವರು ರಕ್ತ ನೋಡಿ, ಏರಿಲ್ಲವೆಂದು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಡ್ರಿಪ್ ಹಾಕಿಸಲು ನಾನೇ ಐದು ಸಲ ಒಯ್ದೆ, ಮೊದಲ ಗೇರಿನಲ್ಲಿ. ಅವಳು ಹಿಂದುಗಡೆ ಕುರ್ಚಿಯಲ್ಲಿ ಕೂತು ಬರುತ್ತಿದ್ದಳು. ದಿನ ತುಂಬುವ ಎಂಟು ದಿನ ಮೊದಲೇ ಸೇರಿಸಿದೆವು. ಹೆಣ್ಣುಮಗು. ಆಸ್ಪತ್ರೆಯ ಬಾಗಿಲಲ್ಲಿ ನಾನು ನಿಂತಿದ್ದೆ, ಅದು ಅತ್ತದ್ದು ಹೊರಗೆ ಕೇಳಿಸಿತು. ಅಕ್ಕ ಕೂಸನ್ನು ತಂದು ದೂರದಿಂದ ತೋರಿಸಿದಳು. ನಾನು ಕೈ ಮುಂದೆ ಮಾಡಿದೆ. ಅವಳು ಹಿಂದೆ ಸರಿದು, "ಶುದ್ಧಿ ಆಗ್ಲಿ ತಡಿ" ಎಂದಳು. ಸಿಟ್ಟಿನಿಂದಲ್ಲ.

ಇಂದಿನ ಲೆಕ್ಕ ಬರೆಯುತ್ತೇನೆ. ಒಂದು ಆಟೋ, ಎರಡು ಹಾರ್ನು, ಮೊದಲಿನಷ್ಟು ಏರದ ಒಂದು ದನಿ. ಐದು ತಾಲೂಕಿನ ಸಹಿಯ ಐದು ಕಟ್ಟು, ಜೆರಾಕ್ಸ್ ಪ್ರತಿ. ವಾರಕ್ಕೆ ಎರಡು ದಿನ ತೆರೆಯುವ ಉಪಕೇಂದ್ರ, ಐದು ದಿನ ಹೊಸ ಬೀಗ. ಹಟ್ಟಿಗೆ ಬರುವ ಕಾಳು, ತಿಂಗಳಲ್ಲಿ ಮೂರು ವಾರ. ಒಬ್ಬ ಗೆಳೆಯ, ನಾನು ತಿಂದದ್ದಕ್ಕೆ ಮುನಿಸಿಕೊಂಡ ಇಬ್ಬರು ನೆಂಟರು, ಕೋಳಿಯ ಮಾತಿಗೆ ಈಗಲೂ ಮುಖ ತಿರುಗಿಸುವ ಒಬ್ಬ ಹೆಂಡತಿ. ಶುದ್ಧಿಗೆ ಇನ್ನು ನಾಲ್ಕು ತಿಂಗಳು. ಐದು ತಿಂಗಳ ಒಬ್ಬ ಮೊಮ್ಮಗಳು, ಬೇಲಿಯ ಆಚೆ.